ಊಟ ಎಷ್ಟು ಹೊತ್ತಿಗಾಯಿತು?

ನಮ್ಮ ನಾಡಿನಲ್ಲಿ ಬಲ್ಲವರಿಬ್ಬರು ಎದುರಾದರೆ ಮೊದಲು ಹೊರಡುವ ಮಾತು ‘ಊಟವಾಯಿತೆ?’ ಎಂಬುದು. ಇದಕ್ಕೆ ಯಾರೂ ಲೆಕ್ಕವಿಟ್ಟು ಉತ್ತರ ಹೇಳುವುದಿಲ್ಲ. ಹಸಿದವನೂ ಸಂಕೋಚದಿಂದ ‘ಆಯಿತು’ ಎನ್ನುತ್ತಾನೆ. ಉಂಡವನು ಎಲೆ ಹಾಕುವ ಸಪ್ಪಳ ಕೇಳಿ ‘ಇನ್ನೂ ಇಲ್ಲ’ ಎನ್ನುವುದೂ ಉಂಟು. ಪ್ರಶ್ನೆಯೂ ಉಪಚಾರದ್ದು, ಉತ್ತರವೂ ಉಪಚಾರದ್ದು. ಈ ಉಪಚಾರದ ಪ್ರಶ್ನೆಯನ್ನೇ ಪ್ರಾಣದ ಪ್ರಶ್ನೆಯಾಗಿ ಕೇಳುವ ಜಾಗವೊಂದಿದೆ ಎಂದು ನಾನು ಕಲಿತದ್ದು ಕೆಲವು ವರ್ಷಗಳ ಹಿಂದೆ, ಒಂದು ರಾತ್ರಿ ಹತ್ತೂವರೆಯ ಹೊತ್ತಿಗೆ, ಒಂದು ಆಸ್ಪತ್ರೆಯಲ್ಲಿ.

ಅಂದು ನೆಂಟರೊಬ್ಬರ ಮನೆಯಲ್ಲಿ ಗೃಹಪ್ರವೇಶವಿತ್ತು. ಎಪ್ಪತ್ತನಾಲ್ಕು ವರ್ಷದ ನನ್ನ ತಂದೆಯವರೂ ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಸಿಹಿಯ ವಿಷಯದಲ್ಲಿ ನಮ್ಮ ತಾಯಿಯವರ ಕಾವಲು ಬಿಗಿ. ಆದರೆ ಹೆಂಗಸರೆಲ್ಲ ಒಳಗಿನ ಕೋಣೆಯಲ್ಲಿ ಮಾತಿಗೆ ಕುಳಿತಿದ್ದಾಗ, ಮೂರೂವರೆಯ ಕೊನೆಯ ಪಂಕ್ತಿಯಲ್ಲಿ, ಅವರು ಎರಡನೆಯ ಸಲ ಎಲೆಯ ಮುಂದೆ ಕುಳಿತು ತುಪ್ಪ ಸುರಿದ ಮೂರು ಒಬ್ಬಟ್ಟು ತಿಂದದ್ದನ್ನು ನಾನು ಕಣ್ಣಾರೆ ಕಂಡೆ. ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ನಾನೂ ನಕ್ಕು ಸುಮ್ಮನಾದೆ. ಸಂಜೆಯ ಹೊತ್ತಿಗೆ, ಅವರು ವರ್ಷಗಟ್ಟಲೆ ಅಲಕ್ಷ್ಯಮಾಡಿಕೊಂಡು ಬಂದಿದ್ದ ಹರ್ನಿಯಾ ಇದ್ದಕ್ಕಿದ್ದಂತೆ ಬಿಗಿದುಕೊಂಡಿತು. ಕರುಳಿನ ಒಂದು ಮಡಿಕೆ ಹೊರಗೆ ಸಿಕ್ಕಿಕೊಂಡಿದೆ, ಅದಕ್ಕೆ ರಕ್ತ ಹರಿಯುತ್ತಿಲ್ಲ, ಬೆಳಗಿನವರೆಗೆ ಕಾದರೆ ಕರುಳು ಕೊಳೆತೀತು ಎಂದು ಸರ್ಜನರು ಹೇಳಿದರು.

ಅರಿವಳಿಕೆ ಕೊಡುವ ಡಾಕ್ಟರು ಬಂದರು. ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಮಂಚದ ಬಳಿ ಬಾಗಿ, “ತಾತ, ಊಟ ಎಷ್ಟು ಹೊತ್ತಿಗಾಯಿತು?” ಎಂದು ಕೇಳಿದರು.

ತಂದೆಯವರು ಮಂಚದ ಆಚೆ ನಿಂತಿದ್ದ ತಾಯಿಯವರನ್ನು ಒಮ್ಮೆ ನೋಡಿ, “ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಹಿಡಿ ಮೊಸರನ್ನ. ಅಷ್ಟೆ ಕಣಮ್ಮ” ಎಂದರು.

ಡಾಕ್ಟರು ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಆ ನೋವಿನಲ್ಲಿ, ತಾಯಿಯವರ ಎದುರಿಗೆ, ಅವರ ಮಾನವನ್ನು ತೆಗೆಯುವುದು ಹೇಗೆ ಎಂಬ ಸಂಕೋಚ. ಎರಡು ನಿಮಿಷ ಹಾಗೆಯೇ ನಿಂತೆ. ಆಮೇಲೆ ಏನನ್ನಿಸಿತೋ, ಆಕೆಯ ಹಿಂದೆಯೇ ಓಣಿಗೆ ಓಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಗದರಲಿಲ್ಲ. “ಹೇಳಿದ್ದು ಒಳ್ಳೆಯದಾಯಿತು ಸಾರ್. ಇಂಥ ನೋವು ಬಂದ ಗಳಿಗೆಯಿಂದ ಹೊಟ್ಟೆ ಕೆಲಸ ನಿಲ್ಲಿಸಿಬಿಡುತ್ತದೆ. ಮೂರೂವರೆಗೆ ತಿಂದದ್ದು ಈಗಲೂ ಅಲ್ಲೇ ಇರುತ್ತದೆ. ಕಾಯುವ ಹಾಗೂ ಇಲ್ಲ, ಹೀಗೇ ಮಲಗಿಸುವ ಹಾಗೂ ಇಲ್ಲ. ಮೊದಲು ಹೊಟ್ಟೆ ಖಾಲಿ ಮಾಡಬೇಕು” ಎಂದರು.

ಮೂಗಿನಿಂದ ಒಂದು ನಳಿಕೆಯನ್ನು ಇಳಿಸತೊಡಗಿದರು. ತಂದೆಯವರ ಕೈ ನನ್ನ ಕೈಯಲ್ಲಿತ್ತು. ನಳಿಕೆ ಗಂಟಲಿಗೆ ತಗುಲಿದಾಗ ಅವರು ಓಕರಿಸಿದರು. ಎದುರಿಗಿದ್ದ ಪರದೆಯ ಮೇಲೆ ನಾಡಿಯ ಬಡಿತ ತೊಂಬತ್ತರ ಮೇಲಿದ್ದುದು ಎಪ್ಪತ್ತಾಯಿತು, ಐವತ್ತೈದಾಯಿತು, ನಲವತ್ತನಾಲ್ಕಾಯಿತು. ನನ್ನ ಕೈಯಲ್ಲಿದ್ದ ಅವರ ಕೈ ತಣ್ಣಗಾಗಿ ಬೆವರಿತು. ಆಕೆ ತಟ್ಟನೆ ಕೈ ನಿಲ್ಲಿಸಿ, ಸೂಜಿಯಲ್ಲಿ ಯಾವುದೋ ಔಷಧ ಕೊಟ್ಟು, ಪರದೆಯಿಂದ ಕಣ್ಣು ತೆಗೆಯದೆ ನಿಂತರು. ಒಂದು ನಿಮಿಷದಲ್ಲಿ ಅಂಕಿ ಮತ್ತೆ ಏರಿತು. ಆ ಒಂದು ನಿಮಿಷವನ್ನು ನಾನು ಇಂದಿಗೂ ಮರೆತಿಲ್ಲ. ಹೊಟ್ಟೆಯನ್ನು ಖಾಲಿ ಮಾಡಲು ಹೊರಟರೆ ಹೃದಯವೇಕೆ ತಡವರಿಸಬೇಕು? ಕನ್ನಡ ಪಾಠ ಹೇಳುವವನಾದ ನಾನು ವೈದ್ಯದ ಇತಿಹಾಸವನ್ನು ಓದತೊಡಗಿದ್ದು ಈ ಒಂದು ಪ್ರಶ್ನೆಯ ಬೆನ್ನು ಹತ್ತಿ. ಓದಿ ತಿಳಿದದ್ದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಅರಿವಳಿಕೆಯ ಚರಿತ್ರೆ ಬಹು ಹಳೆಯದೇನಲ್ಲ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿಯಿಂದ ಒಬ್ಬ ರೋಗಿಯನ್ನು ಮೈಮರೆಸಿ, ನೋವಿಲ್ಲದೆ ಶಸ್ತ್ರಕ್ರಿಯೆ ಸಾಧ್ಯವೆಂದು ತೋರಿಸಿಕೊಟ್ಟ. ಮರುವರ್ಷ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಸೂಲಗಿತ್ತಿ ವೈದ್ಯಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಯಂಗ್ ಸಿಂಪ್ಸನ್ ತನ್ನ ಮನೆಯ ಊಟದ ಮೇಜಿನ ಬಳಿಯೇ ಗೆಳೆಯರೊಡನೆ ಕ್ಲೋರೋಫಾರಂ ಮೂಸಿ, ಅದರ ಗುಣವನ್ನು ಕಂಡುಕೊಂಡ. ಲೋಕವೆಲ್ಲ ಹರ್ಷಪಟ್ಟಿತು. ಆ ಹರ್ಷಕ್ಕೆ ಮೂರು ತಿಂಗಳೂ ತುಂಬಲಿಲ್ಲ.

1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ವಿನ್ಲಾಟನ್ ಎಂಬ ಊರಿನಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿಗೆ ಕಾಲ್ಬೆರಳಿನ ಉಗುರನ್ನು ತೆಗೆಯಬೇಕಾಗಿತ್ತು. ಸಣ್ಣ ಕೆಲಸ. ಆದರೆ ಹುಡುಗಿಗೆ ಬಹಳ ಹೆದರಿಕೆ. ಡಾಕ್ಟರ್ ಮೆಗಿಸನ್ ಬಟ್ಟೆಯ ಮೇಲೆ ಒಂದು ಚಮಚದಷ್ಟು ಕ್ಲೋರೋಫಾರಂ ಹಾಕಿ ಮೂಗಿಗೆ ಹಿಡಿದ. ಅರ್ಧ ನಿಮಿಷವಾಯಿತು. ಕತ್ತಿ ತಗುಲಿದಾಗ ಹುಡುಗಿ ಕಾಲು ಝಾಡಿಸಿದಳು. ಅಷ್ಟರಲ್ಲೇ ತುಟಿ ಬಿಳಿಚಿತು, ಮುಖ ಬಿಳಿಚಿತು. ಎಬ್ಬಿಸಲೆಂದು ಬಾಯಿಗೆ ನೀರನ್ನೂ ಬ್ರಾಂದಿಯನ್ನೂ ಹಾಕಿದರು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದುಹೋಯಿತು. ಕ್ಲೋರೋಫಾರಮ್ಮಿನ ಸಾವುಗಳಲ್ಲಿ ದಾಖಲೆಯಾದ ಮೊದಲನೆಯದು ಇದು.

ಆಕೆ ಸತ್ತದ್ದು ಏತರಿಂದ? ಸಿಂಪ್ಸನ್ ಹೇಳಿದ: ಅರಿವುಗೆಟ್ಟವಳ ಬಾಯಿಗೆ ದ್ರವ ಸುರಿದದ್ದರಿಂದ, ಅದು ಉಸಿರಿನ ದಾರಿಯನ್ನು ಮುಚ್ಚಿ, ಉಸಿರುಕಟ್ಟಿ ಸತ್ತಳು, ತಪ್ಪು ಕ್ಲೋರೋಫಾರಮ್ಮಿನದಲ್ಲ. ಲಂಡನ್ನಿನ ಜಾನ್ ಸ್ನೋ ಹೇಳಿದ: ಇಲ್ಲ, ಬಟ್ಟೆಯ ಮೇಲೆ ಅಳತೆಯಿಲ್ಲದೆ ಸುರಿದ ಕ್ಲೋರೋಫಾರಮ್ಮಿನ ದಟ್ಟ ಆವಿ ನೇರವಾಗಿ ಹೃದಯವನ್ನೇ ನಿಲ್ಲಿಸಿತು. ಒಬ್ಬನು ಉಸಿರನ್ನು ನೋಡಿದ, ಇನ್ನೊಬ್ಬನು ಹೃದಯವನ್ನು ನೋಡಿದ. ತನ್ನ ಮದ್ದನ್ನು ಉಳಿಸಿಕೊಳ್ಳಲು ಸಿಂಪ್ಸನ್ ಹಾಗೆ ವಾದಿಸಿದನೆಂದು ಹೇಳುವವರುಂಟು. ಆದರೆ ಆ ವಾದದೊಳಗೆ ಒಂದು ದೊಡ್ಡ ಸತ್ಯ ಅಡಗಿತ್ತು. ಅರಿವಿಲ್ಲದವನ ಗಂಟಲಿಗೆ ಕಾವಲುಗಾರನಿಲ್ಲ. ನಾವು ನುಂಗುವಾಗ ಉಸಿರಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ; ತಪ್ಪಿ ಒಂದು ಅಗುಳು ಅತ್ತ ಹೋದರೆ ಕೆಮ್ಮು ಬಂದು ಹೊರಗೆ ತಳ್ಳುತ್ತದೆ. ನೆತ್ತಿಗೇರಿತು ಎನ್ನುತ್ತೇವಲ್ಲ, ಅದು. ಅರಿವಳಿಕೆಯಲ್ಲಿ ಈ ಕೆಮ್ಮೂ ಮಲಗಿರುತ್ತದೆ. ಬಾಯಿಂದ ಹಾಕಿದ ಬ್ರಾಂದಿಯೇ ಆಗಬೇಕಿಲ್ಲ, ಹೊಟ್ಟೆಯಿಂದ ಮೇಲೆ ಬಂದ ಅನ್ನವಾದರೂ ಅದೇ ದಾರಿ ಹಿಡಿದೀತು.

ಸ್ನೋ ಕೂಡ ಹೊಟ್ಟೆಯನ್ನು ಮರೆತವನಲ್ಲ. ವಿಕ್ಟೋರಿಯಾ ರಾಣಿಗೆ 1853ರಲ್ಲಿ ಹೆರಿಗೆಯ ವೇಳೆ ಕ್ಲೋರೋಫಾರಂ ಕೊಟ್ಟವನು ಈತನೇ. ಆತ ತೀರಿಕೊಂಡ ವರ್ಷ, 1858ರಲ್ಲಿ, ಅಚ್ಚಾದ ಅವನ ಗ್ರಂಥದಲ್ಲಿ, ಕ್ಲೋರೋಫಾರಂ ಕೊಡಲು ಬೆಳಗಿನ ಉಪಾಹಾರಕ್ಕೆ ಮುಂಚಿನ ಹೊತ್ತು ಅನುಕೂಲವೆಂದೂ, ಬಹಳ ಹೊತ್ತು ಉಪವಾಸವಿಡುವುದೂ ಒಳ್ಳೆಯದಲ್ಲವೆಂದೂ ಹೇಳಿದ್ದಾನೆ. 1883ರಲ್ಲಿ ಲಿಸ್ಟರ್ ಮಹಾಶಯ ಇನ್ನೂ ಬಿಡಿಸಿ ಹೇಳಿದ: ಹೊಟ್ಟೆಯಲ್ಲಿ ಗಟ್ಟಿಯಾದದ್ದು ಏನೂ ಇರಬಾರದು, ಆದರೆ ಎರಡು ಗಂಟೆ ಮುಂಚೆ ಒಂದು ಬಟ್ಟಲು ಚಹ ಕುಡಿದರೆ ಹಿತವೇ. ನೂರು ವರ್ಷಕ್ಕೂ ಮೀರಿ ಸುತ್ತುಹಾಕಿ, ಇಂದಿನ ವೈದ್ಯರೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿದ್ದಾರೆ: ಗಟ್ಟಿ ಆಹಾರ ನಿಲ್ಲಿಸಿ ಆರು ಗಂಟೆ, ತಿಳಿನೀರು ನಿಲ್ಲಿಸಿ ಎರಡು ಗಂಟೆ.

ಇನ್ನು ಉಸಿರೋ ಹೃದಯವೋ ಎಂಬ ಜಗಳ. ಇದು ನಮ್ಮ ನೆರೆಗೇ ಬಂತು. ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯನಿದ್ದ. ಎಡಿನ್‌ಬರೋದಲ್ಲಿ ಕಲಿತವನು, ‘ಉಸಿರನ್ನು ನೋಡು, ನಾಡಿಯ ಗೊಡವೆ ಬೇಡ’ ಎಂಬುದು ಅವನ ಗುರುಪರಂಪರೆಯ ಸೂತ್ರ. ಆರನೆಯ ನಿಜಾಮ ಮಹಬೂಬ್ ಅಲಿಖಾನರ ಆಶ್ರಯದಲ್ಲಿ 1888ರಲ್ಲಿ ಒಂದು ಕ್ಲೋರೋಫಾರಂ ಆಯೋಗ ನಡೆಯಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಅದರ ತೀರ್ಪನ್ನು ಒಪ್ಪಲಿಲ್ಲ. ಆಗ ನಿಜಾಮರು ಸಾವಿರ ಪೌಂಡು ಕೊಟ್ಟು, ಪತ್ರಿಕೆಯೇ ತನ್ನ ಪ್ರತಿನಿಧಿಯನ್ನು ಕಳುಹಿಸಲಿ ಎಂದರು. 1889ರಲ್ಲಿ ಲಾಡರ್ ಬ್ರಂಟನ್ ಹಡಗೇರಿ ಬಂದ. ನಾಯಿ, ಕೋತಿ ಮೊದಲಾದ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಆ ನಿಜಾಮರ ರಾಜ್ಯಕ್ಕೇ ಸೇರಿದ್ದವು. ಹೃದಯವನ್ನು ಶಂಕಿಸುತ್ತಿದ್ದ ಬ್ರಂಟನ್ನನೂ ಕೊನೆಗೆ, ಮೊದಲು ನಿಲ್ಲುವುದು ಉಸಿರು, ಆಮೇಲೆ ಹೃದಯ ಎಂದು ಒಪ್ಪಿಬಿಟ್ಟ. ಹೈದರಾಬಾದಿನ ವೈದ್ಯಶಾಲೆಯಲ್ಲಿ ಲಾರಿಯ ಬಳಿ ಕಲಿತು, ಅಲ್ಲಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರಂ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸಿ ಮಹಿಳೆಯನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಇತಿಹಾಸಕಾರರು ಗುರುತಿಸುತ್ತಾರೆ. ಆ ರಾತ್ರಿ ನಮ್ಮ ತಂದೆಯವರ ಮಂಚದ ಬಳಿ ನಿಂತ ಹುಡುಗಿಯ ಪರಂಪರೆ ದಖ್ಖಣದಲ್ಲೇ ಆರಂಭವಾಗಿತ್ತು ಎಂದು ತಿಳಿದಾಗ ನನಗೆ ಸಂತೋಷವಾಯಿತು.

ಆದರೆ ಹೈದರಾಬಾದಿನ ತೀರ್ಪು ಉಳಿಯಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬಾತ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಬೇರೊಂದನ್ನು ತೋರಿಸಿದ. ಕ್ಲೋರೋಫಾರಂ ಹೆಚ್ಚಾದಾಗಲ್ಲ, ಕಡಿಮೆಯಾಗಿ ಅರೆನಿದ್ದೆಯಲ್ಲಿರುವಾಗಲೇ, ಹೆದರಿಕೆಯಲ್ಲಿ ಮೈ ಸುರಿಸುವ ಅಡ್ರಿನಲಿನ್ ರಸ ಸೇರಿದರೆ, ಹೃದಯದ ಕೆಳಕೋಣೆಗಳು ಒಟ್ಟಾಗಿ ಮಿಡಿಯುವುದನ್ನು ಬಿಟ್ಟು ಅಡ್ಡಾದಿಡ್ಡಿ ನಡುಗತೊಡಗುತ್ತವೆ. ರಕ್ತದ ಓಟ ನಿಂತುಹೋಗುತ್ತದೆ. ಹೆದರಿ ನಡುಗುತ್ತಿದ್ದ ಹ್ಯಾನಾ, ಅರ್ಧ ನಿಮಿಷದ ಆವಿ, ಝಾಡಿಸಿದ ಕಾಲು, ಬಿಳಿಚಿದ ತುಟಿ — ಎಲ್ಲವೂ ಇದಕ್ಕೆ ಹೊಂದುತ್ತವೆಂದು ಅನೇಕರ ಅಭಿಪ್ರಾಯ. ಅರವತ್ತಮೂರು ವರ್ಷಗಳ ಮೇಲೆ ಸ್ನೋ ಗೆದ್ದಂತಾಯಿತು.

ಹಾಗಾದರೆ ಸಿಂಪ್ಸನ್ ಸೋತನೆ? ಅವನ ವಾದದೊಳಗಿನ ಸತ್ಯ ಹೊರಗೆ ಬರಲು ಇನ್ನೂ ಮೂವತ್ತೈದು ವರ್ಷ ಬೇಕಾಯಿತು. ನ್ಯೂಯಾರ್ಕಿನ ಹೆರಿಗೆ ಆಸ್ಪತ್ರೆಯೊಂದರ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1932ರಿಂದ 1945ರವರೆಗಿನ 44,016 ಬಸಿರುಗಳ ದಾಖಲೆಯನ್ನು ತಿರುವಿಹಾಕಿದ. ಅವುಗಳಲ್ಲಿ 66 ಮಂದಿ ತಾಯಂದಿರಿಗೆ ಅರಿವಳಿಕೆಯ ವೇಳೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದಿತ್ತು. ಗಟ್ಟಿ ಆಹಾರ ಸಿಕ್ಕಿಕೊಂಡು ಇಬ್ಬರು ಉಸಿರುಕಟ್ಟಿ ಸತ್ತಿದ್ದರು. ಬಹುಮಂದಿಯ ಎದೆಗೆ ಇಳಿದಿದ್ದುದು ಬರಿಯ ದ್ರವ. ಅವರ ಸ್ಥಿತಿಯೇ ಬೇರೆ: ಮೈ ನೀಲಿಗಟ್ಟಿ, ಉಸಿರು ಉಬ್ಬಸವಾಗಿ, ನಾಡಿ ಓಟ ಕಿತ್ತಿತ್ತು. ಆತ ಮೊಲಗಳ ಶ್ವಾಸನಾಳಕ್ಕೆ ಹುಳಿರಸವನ್ನು ಬಿಟ್ಟು ನೋಡಿದ. ಅದೇ ಲಕ್ಷಣ ಕಂಡಿತು. ಹುಳಿಯನ್ನು ಮುರಿದು ಬಿಟ್ಟರೆ ಕಾಣಲಿಲ್ಲ. ನಮ್ಮ ಹಿರಿಯರು ಹೊಟ್ಟೆಯೊಳಗೊಂದು ಜಠರಾಗ್ನಿಯಿದೆ ಎಂದರಲ್ಲವೆ? ಆ ಅಗ್ನಿ ಹೊಟ್ಟೆಯಲ್ಲಿದ್ದರೆ ಅನ್ನವನ್ನು ಬೇಯಿಸುತ್ತದೆ. ಶ್ವಾಸಕೋಶಕ್ಕೆ ಇಳಿದರೆ ಅದನ್ನೇ ಸುಡುತ್ತದೆ. 1946ರಲ್ಲಿ ಮೆಂಡೆಲ್ಸನ್ ಇದನ್ನು ಪ್ರಕಟಿಸಿ, ಅರಿವಳಿಕೆಗೆ ಮೊದಲು ಹೊಟ್ಟೆಯನ್ನು ಖಾಲಿ ಮಾಡಿ ಎಂದ.

ಖಾಲಿ ಮಾಡುವುದು ಹೇಗೆ? ಮುಂಚಿತವಾಗಿ ನಿಶ್ಚಯವಾದ ಶಸ್ತ್ರಕ್ರಿಯೆಗೆ ಉಪವಾಸವೇ ಸಾಕು. ತುರ್ತಿನಲ್ಲಿ ಬಂದವನಿಗೆ ಉಪವಾಸ ಹೇಳಲು ಹೊತ್ತಿಲ್ಲ. ಹೇಳಿದರೂ ಹೊಟ್ಟೆ ಮಾತು ಕೇಳುವುದಿಲ್ಲ. ಇದ್ದ ದಾರಿಗಳು ಎರಡು: ನಳಿಕೆ, ಇಲ್ಲವೆ ವಾಂತಿ.

ನಳಿಕೆಯ ಕಥೆ ಸ್ವಾರಸ್ಯವಾದದ್ದು. 1790ರಲ್ಲಿ ಜಾನ್ ಹಂಟರ್ ನುಂಗಲಾರದ ರೋಗಿಯೊಬ್ಬನಿಗೆ, ತಿಮಿಂಗಿಲದ ಕಡ್ಡಿಗೆ ಹಾವುಮೀನಿನ ಚರ್ಮ ತೊಡಿಸಿ, ಅದರ ಮೂಲಕ ಆಹಾರ ಇಳಿಸಿದ. 1812ರಲ್ಲಿ ಫಿಲಡೆಲ್ಫಿಯದ ಫಿಸಿಕ್, ನಾಯಿಕೆಮ್ಮಿಗೆಂದು ಕೊಟ್ಟ ಅಫೀಮಿನ ಮದ್ದು ಮಿತಿಮೀರಿ ಸಾಯುವಂತಾಗಿದ್ದ ಅವಳಿ ಶಿಶುಗಳ ಹೊಟ್ಟೆಯನ್ನು ನಳಿಕೆಯಿಂದ ತೊಳೆದ. ಒಂದು ಮಗು ಬದುಕಿತು. ತನಗಿಂತ ಮೊದಲೇ ಎಡಿನ್‌ಬರೋದ ಮನ್ರೋ ಈ ಉಪಾಯವನ್ನು ಕಂಡಿದ್ದನೆಂದು ತಿಳಿದಾಗ, ಆ ಗೌರವ ಮನ್ರೋಗೇ ಸಲ್ಲಬೇಕೆಂದು ಫಿಸಿಕ್ ತಾನೇ ಬರೆದು ತಿಳಿಸಿದ. ಲಂಡನ್ನಿನ ಜೂಕ್ಸ್ 1822ರಲ್ಲಿ ತಾನೇ ಅಫೀಮಿನ ಮದ್ದು ಕುಡಿದು, ಗೆಳೆಯನ ಕೈಯಿಂದ ಅದನ್ನು ನಳಿಕೆಯಲ್ಲಿ ಎಳೆಸಿಕೊಂಡು ತನ್ನ ಯಂತ್ರವನ್ನು ಪರೀಕ್ಷಿಸಿದ! ಜರ್ಮನಿಯ ಕುಸ್‌ಮೌಲ್ 1860ರ ದಶಕದ ಕೊನೆಯಲ್ಲಿ ಹಿಗ್ಗಿದ ಹೊಟ್ಟೆಗಳಿಗೆ ಪಂಪು ಹಚ್ಚಿದ. 1921ರಲ್ಲಿ ನ್ಯೂ ಆರ್ಲಿಯನ್ಸಿನ ಲೆವಿನ್ ಮೂಗಿನಿಂದ ಇಳಿಸಿ ಒಳಗೇ ಬಿಡಬಹುದಾದ ಸಪೂರ ನಳಿಕೆಯನ್ನು ಮಾಡಿದ. 1930ರ ದಶಕದಲ್ಲಿ ಅಮೆರಿಕದ ವ್ಯಾಂಗೆನ್‌ಸ್ಟೀನ್, ಕರುಳು ಕಟ್ಟಿದವರಿಗೆ ಅಂಥ ನಳಿಕೆಯಿಂದ ಸತತವಾಗಿ ಹೀರಿ ತೆಗೆಯುವ ಕ್ರಮವನ್ನು ಬಳಕೆಗೆ ತಂದು ಎಷ್ಟೋ ಜೀವಗಳನ್ನು ಉಳಿಸಿದ.

ಎರಡನೆಯ ದಾರಿ ವಾಂತಿಯ ಮದ್ದು. 1869ರಲ್ಲಿ ಮಾರ್ಫಿನ್‌ನಿಂದ ಅಪೋಮಾರ್ಫಿನ್ ಎಂಬ ವಸ್ತುವನ್ನು ತಯಾರಿಸಿದರು. ಸೂಜಿಯಲ್ಲಿ ಕೊಟ್ಟರೆ ಕೆಲವು ನಿಮಿಷಗಳಲ್ಲಿ ಹೊಟ್ಟೆಯೆಲ್ಲ ಹೊರಗೆ. ಕಳೆದ ಶತಮಾನದ ನಡುಗಾಲದಲ್ಲಿ, ಹೆರಿಗೆಯ ತುರ್ತು ಅರಿವಳಿಕೆಗೆ ಮೊದಲು ಕೆಲವು ವೈದ್ಯರು ಇದನ್ನು ಬಳಸಿದರು. ಆದರೆ ಈ ಮದ್ದು ಹೊಟ್ಟೆಯೊಡನೆ ಮಾತ್ರ ವ್ಯವಹರಿಸುವುದಿಲ್ಲ. ರಕ್ತನಾಳಗಳನ್ನು ಸಡಿಲಿಸಿ ರಕ್ತದ ಒತ್ತಡವನ್ನು ಇಳಿಸುತ್ತದೆ; ರೋಗಿ ಬೆವರಿ, ಬಿಳಿಚಿ, ತಲೆಸುತ್ತಿ ಮಲಗುತ್ತಾನೆ. ಮೊದಲೇ ರಕ್ತ ಕಳೆದುಕೊಂಡವನಿಗೆ ಇಂಥ ಉಪಕಾರ ಅಪಕಾರವೇ.

ಇಲ್ಲಿಗೆ ನನ್ನ ಪ್ರಶ್ನೆಯ ಬಾಗಿಲಿಗೆ ಬಂದೆವು. ಹೊಟ್ಟೆಗೂ ಹೃದಯಕ್ಕೂ ಏನು ನಂಟು? ಭಾಷೆಗಳು ಇದನ್ನು ಬಹಳ ಹಿಂದೆಯೇ ಊಹಿಸಿದ್ದವು. ಹೊಟ್ಟೆಯ ಹುಳಿ ಮೇಲೆ ಬಂದರೆ ನಾವು ‘ಹೊಟ್ಟೆಯುರಿ’ ಎನ್ನುವುದಿಲ್ಲ, ‘ಎದೆಯುರಿ’ ಎನ್ನುತ್ತೇವೆ. ಹೊಟ್ಟೆಯುರಿಯನ್ನು ನೆರೆಮನೆಯವನ ಏಳಿಗೆಗೆ ಮೀಸಲಿಟ್ಟಿದ್ದೇವೆ. ಪ್ರಾಚೀನ ಗ್ರೀಕರಂತೂ ಹೃದಯಕ್ಕೂ ಜಠರದ ಮೇಲಿನ ಬಾಯಿಗೂ ‘ಕಾರ್ಡಿಯಾ’ ಎಂಬ ಒಂದೇ ಹೆಸರನ್ನು ಬಳಸಿದರು; ಜಠರದ ಆ ಬಾಯಿಗೆ ವೈದ್ಯರು ಇಂದಿಗೂ ಅದೇ ಹೆಸರನ್ನು ಹೇಳುತ್ತಾರೆ.

ಈ ನಂಟಿನ ಒಂದು ತಂತು ಕೈಗೆ ಸಿಕ್ಕಿದ್ದು 1845ರಲ್ಲಿ. ಜರ್ಮನಿಯ ವೇಬರ್ ಸಹೋದರರು, ಮಿದುಳಿನಿಂದ ಕೆಳಗಿಳಿಯುವ ವೇಗಸ್ ಎಂಬ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂ ಹೋಗುತ್ತದೆ ಎಂದು ತೋರಿಸಿದರು. ವೇಗಸ್ ಎಂದರೆ ಲ್ಯಾಟಿನ್ನಿನಲ್ಲಿ ಅಲೆಮಾರಿ. ಹೆಸರಿಗೆ ತಕ್ಕಂತೆ ಅದು ಗಂಟಲು, ಹೃದಯ, ಶ್ವಾಸಕೋಶ, ಜಠರ ಎಲ್ಲ ಮನೆಗಳಿಗೂ ಹೋಗಿಬರುತ್ತದೆ. 1921ರಲ್ಲಿ ಆಟೋ ಲೋವಿ ಕಪ್ಪೆಯ ಒಂದು ಹೃದಯದ ವೇಗಸ್ ನರವನ್ನು ಕೆಣಕಿ, ಅದು ಮಿಂದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದ. ಎರಡನೆಯ ಹೃದಯವೂ ನಿಧಾನವಾಯಿತು. ನರದ ಸಂದೇಶ ಒಂದು ರಸವಾಗಿ ಹೃದಯವನ್ನು ಮುಟ್ಟುತ್ತದೆ ಎಂದು ಇದರಿಂದ ತಿಳಿಯಿತು. ಆ ರಸದ ಕೆಲಸವನ್ನು ತಡೆಯುವ ಮದ್ದೇ ಆಟ್ರೋಪಿನ್. ಆ ರಾತ್ರಿ ಆ ಹುಡುಗಿ ನಮ್ಮ ತಂದೆಯವರಿಗೆ ಕೊಟ್ಟ ಸೂಜಿ ಅದರದೇ ಎಂದು ಮರುದಿನ ಆಕೆಯೇ ಹೇಳಿದರು.

ನಳಿಕೆ ಗಂಟಲನ್ನು ಕೆಣಕಿದಾಗ, ಹಿಗ್ಗಿದ ಜಠರವನ್ನು ಎಳೆದಾಡಿದಾಗ, ಈ ಅಲೆಮಾರಿ ಹೃದಯಕ್ಕೆ ಸುದ್ದಿ ಮುಟ್ಟಿಸುತ್ತಾನೆ, ನಾಡಿ ಇಳಿಯುತ್ತದೆ. ಎಲ್ಲರಲ್ಲೂ ಹೀಗೆಯೇ ಎಂದಲ್ಲ. ಓಕರಿಕೆ, ಹೆದರಿಕೆಗಳಿಂದ ಅಡ್ರಿನಲಿನ್ ಹರಿದು, ನಾಡಿಯೂ ಒತ್ತಡವೂ ಒಮ್ಮೆಗೇ ಏರುವವರೇ ಹೆಚ್ಚು. ಎಳೆಯ ಹೃದಯ ಇದನ್ನು ತಾಳಿಕೊಳ್ಳುತ್ತದೆ. ರಕ್ತನಾಳ ಕಿರಿದಾದ ಮುದಿ ಹೃದಯಕ್ಕೆ ಇದೇ ದೊಡ್ಡ ಹೊರೆ. ಮೂರನೆಯದು ನಿಧಾನವಾದ ಪೆಟ್ಟು. ಹೊಟ್ಟೆಯಿಂದ ತೆಗೆಯುವ ಪ್ರತಿಯೊಂದು ಲೀಟರಿನೊಡನೆ ನೀರೂ ಲವಣಗಳೂ ಹೋಗುತ್ತವೆ. ಪೊಟ್ಯಾಸಿಯಂ ತಗ್ಗಿದರೆ ಹೃದಯದ ಲಯ ತಪ್ಪುತ್ತದೆ. ನೀರು ತಗ್ಗಿದರೆ ಒತ್ತಡ ಬೀಳುತ್ತದೆ. 1912ರಲ್ಲಿ ನ್ಯೂಯಾರ್ಕಿನ ಹಾರ್ಟ್‌ವೆಲ್ ಮತ್ತು ಹೋಗೆ ಎಂಬವರು, ಕರುಳು ಕಟ್ಟಿದ ನಾಯಿಗಳಿಗೆ ಉಪ್ಪುನೀರನ್ನು ಧಾರಾಳವಾಗಿ ಮೈಗೇರಿಸಿದರೆ ಅವು ಹೆಚ್ಚು ದಿನ ಬದುಕುತ್ತವೆ ಎಂದು ತೋರಿಸಿದ್ದರು. ತುರ್ತಿನಲ್ಲಿ ಬರುವ ರೋಗಿ ವಾಂತಿಯಿಂದಲೋ ರಕ್ತಸ್ರಾವದಿಂದಲೋ ಮೊದಲೇ ಬತ್ತಿರುತ್ತಾನೆ. ನಾಳಗಳನ್ನು ಬಿಗಿದುಕೊಂಡು ಅವನ ಮೈ ಹೇಗೋ ಒತ್ತಡವನ್ನು ಹಿಡಿದಿರುತ್ತದೆ. ಅರಿವಳಿಕೆಯ ಮದ್ದು ಆ ಬಿಗಿಯನ್ನು ಸಡಿಲಿಸುತ್ತದೆ. ಆದ್ದರಿಂದಲೇ ಇಂಥವರಿಗೆ ಒಂದು ಕಡೆಯಿಂದ ತೆಗೆಯುವಾಗ ಇನ್ನೊಂದು ಕಡೆಯಿಂದ ತುಂಬುತ್ತಿರಬೇಕು.

ಇಷ್ಟೆಲ್ಲ ಮಾಡಿದರೂ ಹೊಟ್ಟೆ ಪೂರ್ತಿ ಖಾಲಿಯಾಗುತ್ತದೆಯೆ? ಇಲ್ಲ. ಒಬ್ಬಟ್ಟಿನ ಹೂರಣ ಸಪೂರ ನಳಿಕೆಯಲ್ಲಿ ಬರುವಂಥದಲ್ಲ. 1961ರಲ್ಲಿ ಲಂಡನ್ನಿನ ಬ್ರಯನ್ ಸೆಲಿಕ್ ಒಂದು ಸರಳ ಉಪಾಯ ಹೇಳಿದ. ಗಂಟಲ ಉಬ್ಬಿನ ಕೆಳಗಿರುವ ಉಂಗುರದಂಥ ಮೃದ್ವಸ್ಥಿಯನ್ನು ಬೆರಳಿನಿಂದ ಹಿಂದಕ್ಕೆ ಒತ್ತಿ ಹಿಡಿದರೆ, ಅನ್ನನಾಳ ಬೆನ್ನೆಲುಬಿಗೆ ಅದುಮಿ ಮುಚ್ಚಿಕೊಳ್ಳುತ್ತದೆ; ಉಸಿರಿನ ನಳಿಕೆಯನ್ನು ಕೂರಿಸುವವರೆಗೆ ಹಾಗೆ ಹಿಡಿದಿದ್ದರೆ ಸಾಕು. ಇಪ್ಪತ್ತಾರು ರೋಗಿಗಳ ಅನುಭವದಿಂದ ಆತ ಬರೆದ ಚಿಕ್ಕ ಲೇಖನ ಜಗತ್ತಿನ ಅರಿವಳಿಕೆಯ ಕ್ರಮವನ್ನೇ ಬದಲಿಸಿತು. ಆ ಒತ್ತುವಿಕೆ ನಿಜವಾಗಿ ಎಷ್ಟು ಕಾಪಾಡುತ್ತದೆ ಎಂದು ಇಂದು ಮತ್ತೆ ಚರ್ಚೆಯೆದ್ದಿದೆ. ಎಲ್ಲರಿಗೂ ನಳಿಕೆ ಇಳಿಸುವುದನ್ನೂ ಈಗ ಬಿಟ್ಟಿದ್ದಾರೆ. ಕರುಳು ಕಟ್ಟಿದ ನಮ್ಮ ತಂದೆಯವರಂಥವರಿಗೆ ಮಾತ್ರ, ಲಾಭನಷ್ಟಗಳನ್ನು ತೂಗಿ ಇಳಿಸುತ್ತಾರೆ. ವಾಂತಿಯ ಮದ್ದನ್ನಂತೂ ಯಾರೂ ಕೊಡುವುದಿಲ್ಲ. ಶಬ್ದದ ಅಲೆಗಳಿಂದ ಹೊಟ್ಟೆಯೊಳಗೆ ಏನಿದೆಯೆಂದು ನೋಡುವ ಯಂತ್ರವೂ ಕೆಲವು ಕಡೆ ಬಂದಿದೆ.

ಈ ಚರಿತ್ರೆಯನ್ನು ಓದಿ ನನಗನ್ನಿಸಿದ್ದು ಇಷ್ಟು. ಸಿಂಪ್ಸನ್ನನೂ ಸ್ನೋನೂ ಒಂದೇ ಸಾವಿನ ಮುಂದೆ ನಿಂತು, ಒಬ್ಬನು ಉಸಿರನ್ನೂ ಇನ್ನೊಬ್ಬನು ಹೃದಯವನ್ನೂ ಹಿಡಿದುಕೊಂಡು ಜಗಳವಾಡಿದರು. ಮೈ ಹಾಗೆ ಹಂಚಿಹೋಗಿಲ್ಲ. ಶ್ವಾಸಕೋಶವನ್ನು ಉಳಿಸಲೆಂದು ಹೊಟ್ಟೆಗೆ ಕೈಹಾಕಿದರೆ ಹೃದಯ ಸುಂಕ ಕೇಳುತ್ತದೆ. ಸುಂಕ ಎಷ್ಟೆಂದು ಬಲ್ಲವನೇ, ಅದನ್ನು ಕೊಡಲು ಸಿದ್ಧನಾಗಿ ನಿಂತವನೇ ವೈದ್ಯ. ಆ ರಾತ್ರಿ ಆಕೆಯ ಒಂದು ಕೈ ನಳಿಕೆಯ ಮೇಲಿತ್ತು. ಕಣ್ಣು ಪರದೆಯ ಮೇಲಿತ್ತು. ಆಟ್ರೋಪಿನ್ ತುಂಬಿದ ಸೂಜಿ ಬಟ್ಟಲಲ್ಲಿ ಮೊದಲೇ ಸಿದ್ಧವಾಗಿತ್ತು. ಆಮೇಲೆ ತಿಳಿದವನಾಗಿ ನೆನೆಸಿಕೊಂಡರೆ, ನಾನು ಅಪಘಾತವೆಂದು ಎಣಿಸಿದ್ದನ್ನು ಆಕೆ ಮುಂಚೆಯೇ ನಿರೀಕ್ಷಿಸಿದ್ದರು. ಒಂದೂಮುಕ್ಕಾಲು ಶತಮಾನದ ಕಲಿಕೆಯೆಲ್ಲ ಆ ಒಂದು ಸೂಜಿಯಲ್ಲಿತ್ತು.

ಆದರೆ ಆ ಕಲಿಕೆಯೆಲ್ಲ ನಿಂತಿದ್ದುದು ರೋಗಿಯ ಒಂದು ಉತ್ತರದ ಮೇಲೆ. ನಮ್ಮ ತಂದೆಯವರು ಮರೆಮಾಚಿದ್ದು ಕೆಟ್ಟ ಬುದ್ಧಿಯಿಂದಲ್ಲ, ಹೆಂಡತಿಯ ಮೇಲಿನ ಗೌರವಭಯದಿಂದ. ನಾನು ಸುಮ್ಮನಿದ್ದದ್ದು ತಂದೆಯ ಮೇಲಿನ ಮರ್ಯಾದೆಯಿಂದ. ಇಂಥ ಸದ್ಗುಣಗಳಿಂದಲೇ ಒಂದು ಜೀವ ಹೋಗಬಹುದಾಗಿತ್ತು! ಆ ಎರಡು ನಿಮಿಷದ ಮೌನಕ್ಕೆ ನಾನು ಈಗಲೂ ನಾಚುತ್ತೇನೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಊಟದ ಬಗ್ಗೆಯೇ ಮಾತು ಆಡಬೇಕಾಗಿ ಬಂದಾಗ ನಾನು ಎರಡನ್ನೂ ಬಲ್ಲವನಾಗಿರಲಿಲ್ಲ.

ತಂದೆಯವರು ಹತ್ತು ದಿನಕ್ಕೆ ಮನೆಗೆ ಬಂದರು. ಗುಟ್ಟು ರಟ್ಟಾದದ್ದು ತಾಯಿಯವರಿಗೆ ತಿಳಿದು, ಆಗಬೇಕಾದ್ದೆಲ್ಲ ಆಯಿತು. ಹೊಲಿಗೆ ಬಿಚ್ಚಿಸಲು ಹೋದ ದಿನ ಆ ಹುಡುಗಿ ಓಣಿಯಲ್ಲಿ ಎದುರಾಗಿ, ನಗುತ್ತ, “ತಾತ, ಊಟವಾಯಿತೆ?” ಎಂದು ಕೇಳಿದರು. ಅದು ಬರಿಯ ಉಪಚಾರದ ಮಾತು. ನಮ್ಮ ತಂದೆಯವರು ಮಾತ್ರ ನಿಂತು, ತಾಯಿಯವರ ಕಡೆ ಒಮ್ಮೆ ನೋಡಿ, ಕೈಮುಗಿದು ಹೇಳಿದರು: “ಎಂಟೂವರೆಗೆ ಎರಡು ಚಪಾತಿ, ಹೀರೇಕಾಯಿ ಪಲ್ಯ, ಅರ್ಧ ಲೋಟ ಮಜ್ಜಿಗೆ. ಅದಾದ ಮೇಲೆ, ಯಾರೂ ಇಲ್ಲದಾಗ, ಒಂದು ಚೂರು ಬೆಲ್ಲ ಕಣಮ್ಮ.”